ರಿಲೇ ಸೆಟ್ಟಿಂಗ್ ಯಾರ ಮಾತಿಗೆ ಬದಲಾಗಬೇಕು?

ಕಳೆದ ಸಲ ಹಾವೇರಿ ಕಡೆಯ ನಮ್ಮ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಹೆಮ್ಮೆಯಿಂದ ಹೇಳಿದ ಮಾತೊಂದು ನನ್ನನ್ನು ಚುಚ್ಚಿತು. ತ್ರೀ ಫೇಸ್ ಕೊಟ್ಟು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡತೊಡಗಿದ ಕೂಡಲೇ ಊರಿನ ಫೀಡರ್ (ಊರಿಗೆ ವಿದ್ಯುತ್ ತರುವ ಮಾರ್ಗ) ಟ್ರಿಪ್ ಆಗಿ ಕರೆಂಟು ಹೋಗುತ್ತಿತ್ತಂತೆ. ಊರವರು ಹೋಗಿ ಸಬ್‌ಸ್ಟೇಷನ್ ಮುಂದೆ ಕೂತರಂತೆ. ಮಿತಿ ಮೀರಿದ ಕರೆಂಟು ಹರಿದರೆ ಅದನ್ನು ಗುರುತಿಸಿ ಮಾರ್ಗವನ್ನು ಕಡಿಸುವ ಸಾಧನ ರಿಲೇ; ಅಲ್ಲಿದ್ದ ಆಪರೇಟರ್ ಆ ಮಿತಿಯನ್ನು, ಅಂದರೆ ರಿಲೇ ಸೆಟ್ಟಿಂಗನ್ನು, ಏರಿಸಿಕೊಟ್ಟ ಮೇಲೆ ಕರೆಂಟು ಆರಾಮವಾಗಿ ನಿಂತಿದೆಯಂತೆ. “ಯಣ್ಣಾ, ನಿಮ್ಮ ಮುಂಬೈಯಾಗ ಹಿಂಗ ಒಂದ ಮಾತಿಗೆ ಕೆಲಸ ಮಾಡಿ ಕೊಡ್ತಾರೇನು?” ಎಂದು ಕೇಳಿದ. ಮಾಡಿಕೊಡುವುದಿಲ್ಲ. ಮಾಡಿಕೊಡದಿರುವುದೇ ಸರಿ ಎಂದು ನಾನು ನಂಬಿದ್ದೇನೆ.

ಮುಂಬೈ ಬಳಿಯ ಥಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ದೊಡ್ಡ ಕಂಪ್ರೆಸರ್ ಒಂದನ್ನು ಕೂರಿಸಿದಾಗ, ಅದನ್ನು ಚಾಲೂ ಮಾಡಿದ ಪ್ರತಿ ಸಲವೂ 22 ಕೆ.ವಿ. ಇನ್‌ಕಮರ್ ಬ್ರೇಕರ್ (ಕಾರ್ಖಾನೆಗೆ ವಿದ್ಯುತ್ ಬರುವ ಮಾರ್ಗದ ಮುಖ್ಯ ಸ್ವಿಚ್) ಬಿದ್ದುಹೋಗುತ್ತಿತ್ತು. ಉತ್ಪಾದನಾ ವಿಭಾಗದವರು ಸೆಟ್ಟಿಂಗ್ ಏರಿಸಿ ಎಂದು ದಿನವೂ ಬಂದು ನಿಲ್ಲುತ್ತಿದ್ದರು. ಆದರೆ ನಮಗೆ ವಿದ್ಯುತ್ ಕೊಡುವ ಮೇಲಿನ ಸಬ್‌ಸ್ಟೇಷನ್‌ನವರು ಲಿಖಿತ ಒಪ್ಪಿಗೆ ಕೊಡದೆ ಆ ರಿಲೇಯನ್ನು ಮುಟ್ಟುವ ಹಾಗಿರಲಿಲ್ಲ. ಅವರು ಕೇಳಿದ್ದು ಸಿ.ಟಿ. (ಅಳತೆಗಾಗಿ ಕರೆಂಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್) ಅನುಪಾತ, ಆ ಬಿಂದುವಿನ ಫಾಲ್ಟ್ ಲೆವೆಲ್ (ದೋಷವಾದರೆ ಅಲ್ಲಿ ಎಷ್ಟು ಕರೆಂಟು ಹರಿಯಬಹುದು ಎಂಬುದು), ಮೋಟಾರಿನ ಸ್ಟಾರ್ಟಿಂಗ್ ಕರೆಂಟು, ಹಳೆಯ ಮತ್ತು ಹೊಸ ಸೆಟ್ಟಿಂಗಿನ ಕರ್ವ್‌ಗಳು (ಎಷ್ಟು ಕರೆಂಟಿಗೆ ಎಷ್ಟು ಹೊತ್ತಿನಲ್ಲಿ ರಿಲೇ ಕೆಲಸ ಮಾಡುತ್ತದೆ ಎಂಬ ರೇಖೆಗಳು). ನಮ್ಮ ದೋಷ ನಮ್ಮಲ್ಲೇ ನಿಲ್ಲುವಂತೆ ನಮ್ಮ ರಿಲೇ ಅವರ ರಿಲೇಗಿಂತ ಸುಮಾರು 0.3 ಸೆಕೆಂಡ್ ಮೊದಲು ಕೆಲಸ ಮಾಡಲೇಬೇಕು ಎಂಬುದು ಅವರ ಹಟ. ವಾರಗಟ್ಟಲೆ ಕಾಗದಗಳು ಓಡಾಡಿದವು, ಎಲ್ಲರೂ ಗೊಣಗಿದರು. ಕೊನೆಗೆ ಸೆಟ್ಟಿಂಗ್ ಇದ್ದಲ್ಲೇ ಉಳಿದು, ಮೋಟಾರಿಗೆ ಅದನ್ನು ಮೆಲ್ಲಗೆ ಚಾಲೂ ಮಾಡುವ ಸಾಫ್ಟ್ ಸ್ಟಾರ್ಟರ್ ಬಂತು. ಇಂದು ನಮ್ಮ ಪ್ಯಾನೆಲ್‌ನ ಯಾವ ರಿಲೇಯನ್ನು ತೋರಿಸಿದರೂ ಅದರಲ್ಲಿ ಆ ಅಂಕಿ ಏಕಿದೆ, ಯಾವ ದಿನದಿಂದ ಇದೆ, ಯಾರ ಸಹಿಯಿಂದ ಬಂತು ಎಂಬುದನ್ನು ಕಡತ ತೆರೆದು ಹೇಳಬಹುದು. ಊರಿನ ಸಬ್‌ಸ್ಟೇಷನ್‌ಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದಾಗ ನನಗೆ ಸಿಕ್ಕಿದ್ದು, ಲಾಗ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ, ತಾರೀಖಾಗಲಿ ಸಹಿಯಾಗಲಿ ಇಲ್ಲದ ಒಂದು ಅಂಕಿ.

ಆ ಅಂಕಿಯ ಹಿಂದೆ ಏನೇನಿದೆ ಎಂಬುದನ್ನು ಊರವರು ತಿಳಿಯಬೇಕು. ಒಂದು 11 ಕೆ.ವಿ. ಫೀಡರ್‌ನ ಓವರ್‌ಕರೆಂಟ್ ರಿಲೇಯನ್ನು 200 ಆಂಪಿಯರ್‌ಗೆ, ಅದು ಕಾಯುವ ಹೊತ್ತನ್ನು ನಿಗದಿ ಮಾಡುವ ಟೈಮ್ ಮಲ್ಟಿಪ್ಲೈಯರ್ ಅನ್ನು 0.1ಕ್ಕೆ ಇಟ್ಟಿದ್ದಾರೆ ಎಂದುಕೊಳ್ಳೋಣ. ಮಾರ್ಗದ ತುದಿಯಲ್ಲಿ ತಂತಿಗಳು ಒಂದಕ್ಕೊಂದು ತಾಗಿ 400 ಆಂಪಿಯರ್ ಹರಿದರೆ, ಸಾಮಾನ್ಯ ಇನ್ವರ್ಸ್ ಕರ್ವ್‌ನ (ಕರೆಂಟು ಹೆಚ್ಚಿದಷ್ಟೂ ಬೇಗ ಕಡಿಯುವ ರೇಖೆಯ) ಪ್ರಕಾರ ರಿಲೇ ಸುಮಾರು 1 ಸೆಕೆಂಡಿನಲ್ಲಿ ಬ್ರೇಕರ್‌ಗೆ ಆಜ್ಞೆ ಕೊಡುತ್ತದೆ. ಸೆಟ್ಟಿಂಗನ್ನು 300 ಆಂಪಿಯರ್‌ಗೆ ಏರಿಸಿದರೆ ಅದೇ ದೋಷಕ್ಕೆ ಸುಮಾರು 2.4 ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಮೇಲಿನ ಟ್ರಾನ್ಸ್‌ಫಾರ್ಮರ್‌ನ ರಿಲೇಯೇ ಮೊದಲು ಕೆಲಸ ಮಾಡಿ, ಒಂದು ಊರಿನ ತಪ್ಪಿಗೆ ಆ ಸಬ್‌ಸ್ಟೇಷನ್‌ನ ಎಲ್ಲ ಊರುಗಳೂ ಕತ್ತಲಾಗಬಹುದು. 280 ಆಂಪಿಯರ್‌ನ ದೋಷವಾದರೆ ಏರಿಸಿದ ರಿಲೇಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇದೇ ಧಾರಾಳತನ ಅರ್ಥ್ ಫಾಲ್ಟ್ (ಕರೆಂಟು ನೆಲಕ್ಕೆ ಹರಿಯುವ ದೋಷ) ಸೆಟ್ಟಿಂಗಿಗೂ ಹರಡಿದರೆ ಗತಿಯೇನು? ಒಣ ನೆಲದ ಮೇಲೆ ಹರಿದುಬಿದ್ದ ತಂತಿಯಲ್ಲಿ ಮೊದಲೇ ಪ್ರವಾಹ ಕಡಿಮೆ. ಬೆಳಗಿನ ಜಾವ ಹೊಲಕ್ಕೆ ಹೋಗುವವರ ಮತ್ತು ದನಕರುಗಳ ಜೀವ ಆ ಒಂದು ಸೆಟ್ಟಿಂಗಿನ ಮೇಲೆ ನಿಂತಿರುತ್ತದೆ.

ಒಂದು ರಿಲೇಯ ಅಂಕಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಜಗತ್ತು ಮತ್ತೆ ಮತ್ತೆ ಕಂಡಿದೆ. ಅಂಕಿ ಹೆಚ್ಚಾದರಷ್ಟೇ ಅಲ್ಲ, ಕಡಿಮೆಯಾದರೂ ಅಪಾಯವೇ. 1965ರ ನವೆಂಬರ್ 9ರಂದು ನಯಾಗರ ಬಳಿಯ ಕೆನಡಾದ ವಿದ್ಯುತ್ ಕೇಂದ್ರವೊಂದರಲ್ಲಿ, ತೀರ ಕಡಿಮೆ ಮಟ್ಟಕ್ಕೆ ಇಟ್ಟಿದ್ದ ರಿಲೇ ಸಾಮಾನ್ಯ ಭಾರಕ್ಕೇ ಕೆಲಸ ಮಾಡಿದ್ದರಿಂದ ನ್ಯೂಯಾರ್ಕ್ ಸೇರಿದಂತೆ ಸುಮಾರು 3 ಕೋಟಿ ಜನ ಕತ್ತಲಲ್ಲಿ ಉಳಿದರು. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ, ಡಿಸ್ಟನ್ಸ್ ರಿಲೇಯ (ದೋಷ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವ ರಿಲೇಯ) ಮೂರನೇ ಝೋನ್, ಅಂದರೆ ಅತಿ ದೂರದವರೆಗೆ ನೋಡುವ ವಲಯ, ಹೆಚ್ಚಿದ ಭಾರವನ್ನು ದೋಷವೆಂದು ತಿಳಿದು ಮಾರ್ಗವನ್ನು ಕತ್ತರಿಸಿದ ಮೇಲೆ ಕುಸಿತ ಹಬ್ಬುತ್ತ ಹೋಯಿತು. ಅದರಿಂದ ಪಾಠ ಕಲಿತ ಅಲ್ಲಿನ ನಿಯಂತ್ರಕರು, ವೋಲ್ಟೇಜ್ ಶೇ. 85ಕ್ಕೆ ಕುಸಿದಾಗಲೂ ಮಾರ್ಗದ ಸಾಮರ್ಥ್ಯದ ಶೇ. 150ರಷ್ಟು ಭಾರದವರೆಗೆ ರಿಲೇ ಸುಮ್ಮನಿರಬೇಕು ಎಂಬ ಮಾನದಂಡವನ್ನು ಕಡ್ಡಾಯ ನಿಯಮದೊಳಗೆ ತಂದರು. ನಮ್ಮಲ್ಲಿ 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆ.ವಿ. ಮಾರ್ಗ ಹೊರಬಿದ್ದಾಗಲೂ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅಲ್ಲಿಯೂ ಮೂರನೇ ಝೋನ್ ಭಾರವನ್ನು ದೋಷವೆಂದು ಎಣಿಸಿತ್ತು. ಮರುದಿನ ಮಧ್ಯಾಹ್ನ ಅದೇ ಮಾರ್ಗ ಮತ್ತೆ ಬಿತ್ತು, ಉತ್ತರ, ಪೂರ್ವ, ಈಶಾನ್ಯದ ಮೂರು ಗ್ರಿಡ್‌ಗಳು ಮಲಗಿದವು. ಅಂದು ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಸೇರಿದ ಮೇಲೆ ನಮ್ಮೂರಿನ ದೀಪವೂ ನಾನಿರುವ ಐರೋಳಿಯ ದೀಪವೂ ಒಂದೇ ಗ್ರಿಡ್‌ನಲ್ಲಿ ಉರಿಯುತ್ತಿವೆ.

ಈಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2023ರ ಗ್ರಿಡ್ ಸಂಹಿತೆಯಲ್ಲಿ ರಕ್ಷಣಾ ವ್ಯವಸ್ಥೆಗೇ ಒಂದು ಅಧ್ಯಾಯವಿದೆ. 220 ಕೆ.ವಿ. ಮತ್ತು ಅದಕ್ಕೂ ಮೇಲಿನ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ಆಂತರಿಕ ತಪಾಸಣೆ, ಐದು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ನಡೆಯಬೇಕು, ಸೆಟ್ಟಿಂಗ್‌ಗಳೆಲ್ಲ ಪ್ರಾದೇಶಿಕ ವಿದ್ಯುತ್ ಸಮಿತಿಯ ದತ್ತಾಂಶದಲ್ಲಿ ಸೇರಬೇಕು. ಇದು ಒಳ್ಳೆಯ ನಿಯಮ. ಆದರೆ ನಮ್ಮೂರಿನ 110/11 ಕೆ.ವಿ. ಸಬ್‌ಸ್ಟೇಷನ್ ಆ ಗೆರೆಯ ಕೆಳಗೆ ಉಳಿಯುತ್ತದೆ, ಜನ ಸಾಯುವ ತಂತಿಗಳಿರುವುದೂ ಹೆಚ್ಚಾಗಿ ಆ ಗೆರೆಯ ಕೆಳಗೇ.

ಮುಂಬೈಯನ್ನು ಇಷ್ಟು ಹೊಗಳಿದ ಮೇಲೆ ಕೆಲವು ಮಾತುಗಳನ್ನು ಒಪ್ಪಲೇಬೇಕು. ಪಶ್ಚಿಮದ ಪ್ರಾದೇಶಿಕ ಸಮಿತಿ ಅಂಧೇರಿಯಲ್ಲಿದ್ದರೆ ದಕ್ಷಿಣದ್ದು ಬೆಂಗಳೂರಿನಲ್ಲೇ ಇದೆ, ಮೇಲಿನ ಹಂತದ ಶಿಸ್ತಿನಲ್ಲಿ ಕರ್ನಾಟಕ ಹಿಂದೆ ಇದೆ ಎನ್ನಲು ನನ್ನ ಬಳಿ ಆಧಾರವಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘೆ ಮಾರ್ಗಗಳು ಟ್ರಿಪ್ ಆದಾಗ, ನಗರವನ್ನು ಗ್ರಿಡ್‌ನಿಂದ ಬೇರ್ಪಡಿಸಿ ಉಳಿಸಬೇಕಿದ್ದ ಐಲ್ಯಾಂಡಿಂಗ್ ವ್ಯವಸ್ಥೆ ಕೈಕೊಟ್ಟು, ಲೋಕಲ್ ರೈಲುಗಳೂ ನಿಂತುಹೋದವು. ಮುಂಬೈಯಲ್ಲಿ ಬಹುಪಾಲು ನೆಲದಡಿಯ ಕೇಬಲ್, ನಮ್ಮೂರಲ್ಲಿ ಎರೆಹೊಲ, ಬೇಲಿ, ಮರಗಳ ನಡುವೆ ಮೈಲುಗಟ್ಟಲೆ ತೆರೆದ ತಂತಿ. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ಆಪರೇಟರ್ ಊರಿನ ಜನರನ್ನೆಲ್ಲ ಎದುರಿಸಬೇಕು. ಅಷ್ಟೇ ಅಲ್ಲ, ಭಾರಕ್ಕೇ ಟ್ರಿಪ್ ಆಗುವ ಫೀಡರ್‌ನ ಸೆಟ್ಟಿಂಗ್ ನಿಜಕ್ಕೂ ಕಡಿಮೆಯಿದ್ದಿರಬಹುದು, ಅದನ್ನು ಏರಿಸುವುದೇ ಸರಿಯಾದ ಪರಿಹಾರವೂ ಆಗಿದ್ದಿರಬಹುದು.

ಆದರೆ ಅದನ್ನು ತೀರ್ಮಾನಿಸಬೇಕಾದವರು ಲೆಕ್ಕ ಮಾಡಬಲ್ಲ ಆರ್.ಟಿ. (ರಿಲೇ ಟೆಸ್ಟಿಂಗ್) ವಿಭಾಗದವರು. ಏರಿಸಬೇಕೆಂಬ ಬೇಡಿಕೆ ಕಾಗದದ ಮೇಲೆ ಅವರವರೆಗೆ ಹೋಗಿದ್ದರೆ, ಈ ಫೀಡರ್ ತನ್ನ ಶಕ್ತಿ ಮೀರಿ ಹೊರುತ್ತಿದೆ, ಇದನ್ನು ಎರಡಾಗಿ ಒಡೆಯಬೇಕು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ಪೆನ್ಸಿಲ್ ಅಂಕಿ ಆ ಸಾಕ್ಷಿಯನ್ನು ಅಳಿಸಿಹಾಕಿತು. ಟ್ರಿಪ್ ನಿಂತಿತು, ದೂರು ನಿಂತಿತು, ಹೊಸ ಫೀಡರ್‌ನ ಪ್ರಸ್ತಾಪಕ್ಕೆ ಕಾರಣವೇ ಉಳಿಯಲಿಲ್ಲ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 33 ಮತ್ತು 11 ಕೆ.ವಿ. ಫೀಡರ್‌ಗಳ ಸೆಟ್ಟಿಂಗ್‌ಗಳನ್ನೂ ದಾಖಲೆಗೆ ತಂದು, ಪ್ರತಿ ಬದಲಾವಣೆಗೆ ಕಾರಣ ಮತ್ತು ಸಹಿಯನ್ನು ಕಡ್ಡಾಯ ಮಾಡಿ, ಸಹಿ ಮಾಡಬೇಕಾದವರು ಇಷ್ಟು ದಿನದೊಳಗೆ ಉತ್ತರಿಸಲೇಬೇಕೆಂದು ಗಡುವನ್ನೂ ಹಾಕಲಿ. ಗಡುವಿಲ್ಲದಿದ್ದರೆ ನಮ್ಮೂರವರು ಮತ್ತೆ ಸಬ್‌ಸ್ಟೇಷನ್ ಮುಂದೆಯೇ ಹೋಗಿ ಕೂರುತ್ತಾರೆ, ನೀರಿಲ್ಲದೆ ಬಾಡುತ್ತಿರುವ ಬೆಳೆ ಕಣ್ಣೆದುರಿಗೆ ಇರುವಾಗ ಅವರನ್ನು ತಪ್ಪೆನ್ನಲು ನನಗೂ ಬಾಯಿ ಬರುವುದಿಲ್ಲ.