ಚಾರ್ಟಿನಲ್ಲಿ ಹೆಸರು

ಹೋದ ವಾರ ಫೋನಿನಲ್ಲಿ ಅತ್ತಿಗೆ ನಕ್ಕರು. ಆ ನಗು ಇನ್ನೂ ಚುಚ್ಚುತ್ತಿದೆ.

ಅತ್ತಿಗೆ ನಮ್ಮ ಕಡೆಯ ಒಂದು ಸರ್ಕಾರಿ ರೇಡಿಯೋ ನಿಲಯದಲ್ಲಿ ಕ್ಯಾಶುಯಲ್ ಉದ್ಘೋಷಕಿ. ತಿಂಗಳಿಗೆ ಆರು ಡ್ಯೂಟಿ, ಅಷ್ಟೇ. ಬೆಳಗಿನ ಡ್ಯೂಟಿ ಇದ್ದರೆ ನಾಲ್ಕಕ್ಕೇ ಎದ್ದು ಸ್ನಾನ, ಬಾಗಿಲಿಗೆ ನೀರು, ಎರಡೆಳೆ ರಂಗೋಲಿ, ಆಮೇಲೆ ಓಟ. ಮದುವೆಮನೆಗೆ ಹೋದರೆ ‘ರೇಡಿಯೋದವರು ಬಂದ್ರು’ ಅಂತ ಮುಂದಿನ ಸಾಲಲ್ಲಿ ಕೂರಿಸುತ್ತಾರೆ. ಊರಿಗೆಲ್ಲ ಗೊತ್ತಿರುವ ದನಿ. ಸಂಬಳದ ಪಟ್ಟಿಗೆ ಮಾತ್ರ ಗೊತ್ತಿಲ್ಲ.

“ಎಲ್ಲರೂ ಸೇರಿ ಒಂದು ದಿನ ಮೈಕ್ ಬಿಟ್ಟು ಎದ್ದು ಬರಬಹುದಿತ್ತಲ್ಲ ಅತ್ತಿಗೆ?” ಅಂದೆ. ಟೊರಾಂಟೊದಲ್ಲಿ ಕೂತು ಹೇಳುವುದು ಸುಲಭ.

“ಬಂದ್ರೆ ಮುಂದಿನ ತಿಂಗಳ ಡ್ಯೂಟಿ ಚಾರ್ಟಲ್ಲಿ ಹೆಸರೇ ಇರಲ್ಲ ಕಣಪ್ಪ. ಪರ್ಮನೆಂಟ್‌ನೋರು ನಮ್ಮ ಜೊತೆ ಬರ್ತಾರಾ?” ಅಂತ ನಕ್ಕರು.

ಬಂದದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಸಂಕಟ.

2005ರಲ್ಲಿ ನಾನು ಇಲ್ಲಿಗೆ ಹೊಸಬ. ಇಲ್ಲಿಯವರ ಇಂಗ್ಲಿಷ್ ಕಿವಿಗೆ ಹತ್ತಲಿ ಅಂತ ಬೆಳಗ್ಗೆ ಎದ್ದೊಡನೆ ಸಿಬಿಸಿ ರೇಡಿಯೋ ಹಾಕುತ್ತಿದ್ದೆ. ಆಗಸ್ಟ್ 15, ಸೋಮವಾರ. ಊರಲ್ಲಾದರೆ ಧ್ವಜ ಹಾರಿಸುವ ದಿನ. ಇಲ್ಲಿ ರೇಡಿಯೋ ಹಾಕಿದರೆ ದಿನದ ದನಿಯೇ ಇಲ್ಲ. ಕೆನಡಾದ ಈ ಸಾರ್ವಜನಿಕ ಪ್ರಸಾರ ಸಂಸ್ಥೆಯ ಆಡಳಿತ, ಸುಮಾರು 5,500 ನೌಕರರನ್ನು ಹೊರಗಿಟ್ಟು ಲಾಕೌಟ್ ಸಾರಿತ್ತು. ಗುತ್ತಿಗೆಯ ಮೇಲೆ ಬೇಕಾದಷ್ಟು ಜನರನ್ನು ತೆಗೆದುಕೊಳ್ಳಲು ಬಿಡಿ ಅಂತ ಆಡಳಿತ, ಆಗಲ್ಲ ಅಂತ ನೌಕರರ ಸಂಘವಾದ ಕೆನೇಡಿಯನ್ ಮೀಡಿಯಾ ಗಿಲ್ಡ್. ಜಗಳದ ಗಂಟು ಮುಖ್ಯವಾಗಿ ಇಷ್ಟೇ.

ಒಂದು ಮಧ್ಯಾಹ್ನ ಫ್ರಂಟ್ ಸ್ಟ್ರೀಟಿನ ಸಿಬಿಸಿ ಕಟ್ಟಡದ ಕಡೆ ಹೋದೆ. ಕುತ್ತಿಗೆಗೆ ಫಲಕ ನೇತುಹಾಕಿಕೊಂಡು ಜನ ಸುತ್ತು ಹಾಕುತ್ತಿದ್ದರು. ನಮ್ಮ ಕಡೆಯ ಧಿಕ್ಕಾರ, ಕೂಗು ಏನೂ ಇಲ್ಲ. ಘೋಷಣೆಗಿಂತ ಹರಟೆಯೇ ಜಾಸ್ತಿ. ಹಾಗೇ ದೇವಸ್ಥಾನದ ಪ್ರದಕ್ಷಿಣೆ ನೆನಪಾಯಿತು. ತಲೆ ನೆರೆತ ಒಬ್ಬರನ್ನು ಕೇಳಿದೆ, “ನಿಮ್ಮದು ಪರ್ಮನೆಂಟ್ ಕೆಲಸ ಅಲ್ವಾ?”

“ನನ್ನದು ಹೌದು. ನನ್ನ ಪಕ್ಕದ ಮೇಜಿನ ಹುಡುಗಿಯದ್ದಲ್ಲ” ಅಂದರು. ಮತ್ತೆ ನಡೆದರು.

ನಾವು ಹೆಣ್ಣು ಕೊಡುವಾಗ ಮೊದಲು ಕೇಳುವುದೇ ‘ಹುಡುಗನ ಕೆಲಸ ಪರ್ಮನೆಂಟಾ?’ ಅಂತ. ಪರ್ಮನೆಂಟ್ ಆದವನು ಒಂದು ದಡ ಸೇರಿದ ಹಾಗೆ. ಆಮೇಲೆ ಹೊಳೆ ಕಡೆ ತಿರುಗಿ ಯಾರು ನೋಡುತ್ತಾರೆ? ಒಂದೇ ಸ್ಟುಡಿಯೋ, ಒಂದೇ ಮೈಕ್, ಒಂದೇ ಫ್ಲಾಸ್ಕಿನ ಕಾಫಿ. ಆದರೂ ‘ಅವರು ಕ್ಯಾಶುಯಲ್’ ಅನ್ನುವಾಗ ದನಿ ಸ್ವಲ್ಪ ಇಳಿಯುತ್ತದೆ.

ಇಲ್ಲಿ ಏಳು ವಾರ ದಾಟಿತು. ಆಡಳಿತದವರು ಬಿಬಿಸಿ ಸುದ್ದಿ, ಹಳೇ ಕಾರ್ಯಕ್ರಮ ಹಾಕಿ ಹೊತ್ತು ತಳ್ಳಿದರು. ಟೀವಿಯಲ್ಲಿ ಕೆನಡಾದ ಫುಟ್‌ಬಾಲ್ ಪಂದ್ಯ ಬಂತು, ಕಾಮೆಂಟರಿ ಇಲ್ಲದೆ! ಬರೀ ಮೈದಾನದ ಗದ್ದಲ. ಬೆಳಗಿನ ಕಾರ್ಯಕ್ರಮದ ಆ್ಯಂಡಿ ಬ್ಯಾರಿ ವಿಶ್ವವಿದ್ಯಾಲಯದ ಸಣ್ಣ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಮಾತಾಡಿದರು. ಹೊರಗಿದ್ದ ಬೇರೆಯವರು ಪಾಡ್‌ಕಾಸ್ಟ್ ಮಾಡಿದರು. ಆಗ ಆ ಪದವೇ ನನಗೆ ಹೊಸದು. ಅಕ್ಟೋಬರ್ 11ಕ್ಕೆ ಎಲ್ಲರೂ ಒಳಗೆ ಹೋದರು. ಗುತ್ತಿಗೆಯವರು ಕಾಯಂ ನೌಕರರ ನೂರಕ್ಕೆ 9.5ರ ಆಸುಪಾಸು ಮೀರಬಾರದು ಅಂತ ಒಪ್ಪಂದವಾಯಿತು.

ಇದನ್ನೆಲ್ಲ ಅತ್ತಿಗೆಗೆ ಉಪನ್ಯಾಸದ ಹಾಗೆ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, “ಅಷ್ಟು ದಿನ ಮನೆಗೆ ರೇಷನ್ನು?” ಅಂದರು.

ಸಂಘದವರು ವಾರವಾರ ಏನೋ ಕೊಡುತ್ತಿದ್ದರು. ಹೇಳಬೇಕಾಯಿತು. ಬೀಗ ಹಾಕಿದ್ದು ಆಡಳಿತವೇ, ಇವರಾಗಿ ಎದ್ದು ಬಂದದ್ದಲ್ಲ ಅನ್ನುವುದನ್ನೂ ಹೇಳಬೇಕಾಯಿತು. ಅದೂ ದೇಶಪೂರ್ತಿ ಅಲ್ಲ, ಕ್ವಿಬೆಕ್ ಪ್ರಾಂತ್ಯದವರು ಮತ್ತು ಮಾಂಕ್ಟನ್ ಊರಿನವರು ಒಳಗೇ ಕೆಲಸ ಮಾಡುತ್ತಿದ್ದರು. ಇನ್ನು, ಮಿತಿ ಹಾಕಿದರು ಅಂದರೆ ಗುತ್ತಿಗೆ ಹೋಗಲಿಲ್ಲ ಅಂತ ತಾನೇ ಅರ್ಥ? ಅತ್ತಿಗೆಯಂಥವರ ಬೆನ್ನಿಗೆ ನಿಧಿಯೂ ಇಲ್ಲ, ಗಿಲ್ಡೂ ಇಲ್ಲ. ಆದರೂ ನಮ್ಮ ದೇಶದ ಎಷ್ಟೋ ಕ್ಯಾಶುಯಲ್‌ಗಳು ಕೋರ್ಟು, ಟ್ರಿಬ್ಯೂನಲ್ಲು ಹತ್ತಿಳಿದಿದ್ದಾರೆ. ಕೈಯಿಂದ ದುಡ್ಡು ಹಾಕಿ. ಇದು ನನ್ನ ತಲೆಗೆ ಬಂದದ್ದು ಫೋನು ಇಡುವ ಹೊತ್ತಿಗೆ.

“ಪರ್ಮನೆಂಟ್‌ನೋರಲ್ಲಿ ಒಬ್ಬರಾದ್ರೂ ಬರ್ತಿದ್ರೇನೋ” ಅಂತ ಮೆಲ್ಲಗೆ ಅಂದೆ.

“ಕೇಳಿ ನೋಡ್ತೀನಿ ಬಿಡು. ನಾಳೆ ಆರನೇ ಡ್ಯೂಟಿ. ಆಮೇಲೆ ಕೇಳ್ತೀನಿ.”