ದುರ್ಗದಲ್ಲಿ ನಾವು, ದಾವಣಗೆರೆಯಲ್ಲಿ ಮೋಟಾರು

ನಾವು ಶಾಲೆಗೆ ಹೋಗುತ್ತಿದ್ದಾಗ ರಜೆ ಎಂದರೆ ಎರಡೇ. ದಸರೆಯದೊಂದು, ಬೇಸಿಗೆಯದೊಂದು. ಡಿಸೆಂಬರಿನಲ್ಲಿ ನಮಗೆ ಸಿಗುತ್ತಿದ್ದದ್ದು ಒಡೆದ ತುಟಿ, ಅದಕ್ಕೆ ಹಚ್ಚಲು ಒಂದಿಷ್ಟು ಬೆಣ್ಣೆ. ಈಗ ಮಗನ ಶಾಲೆಯವರು ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಚಳಿಗಾಲದ ರಜೆ ಕೊಡುತ್ತಾರೆ. ಕೊಟ್ಟು ಸುಮ್ಮನಿರುವುದಿಲ್ಲ, ಶಾಲೆ ತೆರೆದ ದಿನ ‘ರಜೆಯಲ್ಲಿ ನಾನು ನೋಡಿದ ಸ್ಥಳ’ ಎಂದು ಒಂದು ಪುಟ ಬರೆಸುತ್ತಾರೆ. ಕಳೆದ ವರ್ಷ ಇವನು ‘ನಮ್ಮ ಅಜ್ಜಿಯ ಹಲ್ಲಿನ ಡಾಕ್ಟರ ಕ್ಲಿನಿಕ್’ ಎಂದು ಶುರುಮಾಡಿ, ಕಿತ್ತ ಹಲ್ಲಿನ ವರ್ಣನೆಯೊಂದಿಗೆ ಮುಗಿಸಿ ಬಂದಿದ್ದ. ಈ ವರ್ಷ ಎಲ್ಲಿಗಾದರೂ ಹೋಗಲೇಬೇಕೆಂಬುದು ಅಂದೇ ತೀರ್ಮಾನವಾಗಿತ್ತು.

ನಮ್ಮ ಯಜಮಾನರು ಮೂರು ರಾತ್ರಿ ಮೊಬೈಲ್ ಹಿಡಿದುಕೊಂಡು ಗೋವಾ, ಊಟಿ, ಮಡಿಕೇರಿಗಳನ್ನೆಲ್ಲ ಸುತ್ತಿದರು. ವರ್ಷದ ಕೊನೆಯ ವಾರ ಅಲ್ಲಿನ ಕೋಣೆಗಳ ಬಾಡಿಗೆ ನೋಡಿ ಮೊಬೈಲನ್ನು ಹಾಸಿಗೆಯ ಮೇಲೆ ಕವುಚಿ ಹಾಕಿ, “ನಮ್ಮ ಸುತ್ತಮುತ್ತಲೇ ಎಷ್ಟೊಂದು ಇತಿಹಾಸವಿದೆ, ಮೊದಲು ಅದನ್ನು ನೋಡಬೇಕು” ಎಂದರು. ಇತಿಹಾಸದ ಮೇಲೆ ಪ್ರೀತಿ ಹುಟ್ಟುವುದು ಹೀಗೆಯೇ. 60 ಕಿಲೋಮೀಟರ್ ಆಚೆಯ ಚಿತ್ರದುರ್ಗದಲ್ಲಿ ಎರಡು ರಾತ್ರಿಗೆ ಒಂದು ಲಾಡ್ಜ್ ಗೊತ್ತಾಯಿತು.

“ದುರ್ಗಕ್ಕೆ ಹೋಗಿ ಮಲಗಿ ಬರುವುದೇ?” ಎಂದರು ಅತ್ತೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಜಿಲ್ಲಾ ಕಚೇರಿಯ ಕೆಲಸಗಳಿಗೆಲ್ಲ ದುರ್ಗವೇ ಗತಿ. “ನಿಮ್ಮ ಮಾವ ಬೆಳಗಿನ ಬಸ್ಸಿಗೆ ಹೋಗಿ, ಕಚೇರಿಯ ಬಾಗಿಲಲ್ಲಿ ಕೂತು, ಕೆಲಸವಾಗದೆ ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದರು. ಅದನ್ನು ಯಾರೂ ಪ್ರವಾಸ ಎನ್ನುತ್ತಿರಲಿಲ್ಲ.” ಹಾಗೆಂದವರು ಎಲ್ಲರಿಗಿಂತ ಮೊದಲು ಸೀರೆ ಮಡಚಿಟ್ಟುಕೊಂಡರು. ಆಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ, ಕಷಾಯದ ಪುಡಿ ಇವೆಲ್ಲ ಒಂದೊಂದಾಗಿ ಚೀಲ ಸೇರಿದವು. ನಾವು ಹೋಗುತ್ತಿರುವುದು ಮುತ್ತಿಗೆ ಹಾಕುವುದಕ್ಕೋ ಮುತ್ತಿಗೆ ತಡೆಯುವುದಕ್ಕೋ ಎಂಬ ಅನುಮಾನ ನನಗೆ ಬಂತು.

ಹೊರಡುವ ಹಿಂದಿನ ರಾತ್ರಿ ಅವರದು ಇನ್ನೊಂದು ಆಜ್ಞೆ. “ಬರುವ ದಿನ ಎಲ್ಲರೂ ಹಸಿದಿರುತ್ತಾರೆ. ದೋಸೆಗೆ ರುಬ್ಬಿ ಫ್ರಿಜ್ಜಿನಲ್ಲಿಟ್ಟು ಬಾ.” ಅಕ್ಕಿ, ಉದ್ದು, ಮೆಂತ್ಯದ ಜೊತೆ ನಮ್ಮೂರ ಪದ್ಧತಿಯಂತೆ ಒಂದು ಹಿಡಿ ಮಂಡಕ್ಕಿಯನ್ನೂ ಹಾಕಿ ರುಬ್ಬಿ, ದೊಡ್ಡ ಪಾತ್ರೆಯ ಕಂಠದವರೆಗೆ ತುಂಬಿ ಮೇಲಿನ ಅರೆಯಲ್ಲಿಟ್ಟೆ.

ಮರುದಿನ ನಲ್ಲಿಯಲ್ಲಿ ನೀರು ಬರುವ ದಿನ. ಆ ದಿನ ಮನೆಬಿಟ್ಟು ಹೋಗುವುದೆಂದರೆ ಹಬ್ಬದ ದಿನ ಊರುಬಿಟ್ಟಂತೆ. ಸಂಪು ತುಂಬಿಸಿ, ಮೋಟಾರು ಹಾಕಿ ಮೇಲಿನ ಟ್ಯಾಂಕು ತುಂಬಿಸಿ, ಬಕೆಟ್ಟು, ಕೊಡ, ಚೊಂಬುಗಳನ್ನೂ ತುಂಬಿಸಿಟ್ಟು ಹೊರಟೆವು. ಮನೆಯಲ್ಲಿ ಯಾರೂ ಇಲ್ಲದ ಎರಡು ದಿನಕ್ಕೆ ಅಷ್ಟು ನೀರು ಯಾರಿಗೆ ಎಂದು ಕೇಳಬೇಡಿ.

ಹತ್ತು ಗಂಟೆಯ ಹೊತ್ತಿಗೆಲ್ಲ ಕೋಟೆಯಲ್ಲಿದ್ದೆವು. ಗಾಳಿ ಚುಚ್ಚುತ್ತಿತ್ತು. ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡಿದ್ದರು. ಎರಡನೆಯ ಬಾಗಿಲು ದಾಟುವುದರೊಳಗೆ ಆ ಟೋಪಿಯ ಹೆಸರಿನವರು ಬಂಡೆಯ ಮೇಲಿಂದ ಇಳಿದು ಬಂದು, ಅತ್ತೆಯ ಕೈಯಿಂದ ಮಂಡಕ್ಕಿಯ ಚೀಲವನ್ನು ಬಿಡಿಸಿಕೊಂಡು ಹೋದರು. “ಹೋಗಲಿ ಬಿಡು, ಖಾರ ಇದೆ, ಅನುಭವಿಸುತ್ತವೆ” ಎಂದರು ಅತ್ತೆ. ಅವು ಅನುಭವಿಸಿದಂತೆ ಕಾಣಲಿಲ್ಲ. ಚೆಲ್ಲಿದ್ದನ್ನೂ ಒಂದೊಂದೇ ಹೆಕ್ಕಿ ತಿಂದವು.

ಗೈಡ್ ಒಬ್ಬರು ಜೊತೆಯಾದರು. ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಲ್ಲಿಸಿ, “ನೋಡಿ ತಾಯಿ, ಇದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಹೋಗುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಅದಾದ ಮೇಲೆ ಊರೊಳಗಿನ ಸಂತೆ ಹೊಂಡ. ಬಿದ್ದ ಮಳೆ ಒಂದು ಹನಿಯೂ ಪೋಲಾಗುತ್ತಿರಲಿಲ್ಲ” ಎಂದರು. ಮಗ ನೋಟ್‌ಬುಕ್ ತೆಗೆದು ಹೊಂಡಗಳನ್ನು ಒಂದರ ಕೆಳಗೊಂದು ಬರೆದು ಬಾಣದ ಗುರುತು ಹಾಕಿದ. ನಾನು ಮೆಚ್ಚಿ ತಲೆಯಾಡಿಸುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ.

“ರೀ, ಮೋಟಾರು ಆರಿಸಿದಿರಲ್ಲ?”

“ನೀನು ಆರಿಸಿದೆಯಲ್ಲ?”

ಆಮೇಲೆ ಮದಕರಿ ನಾಯಕನ ಸಂಗತಿಯಾಗಲಿ, ಹೈದರಾಲಿ 1779ರಲ್ಲಿ ಕೋಟೆ ಹಿಡಿದದ್ದಾಗಲಿ ನಮ್ಮ ಕಿವಿಗೆ ಬೀಳಲಿಲ್ಲ. ನನ್ನ ಕಣ್ಣ ಮುಂದೆ ನಮ್ಮ ಟ್ಯಾಂಕು ತುಂಬಿ, ತಾರಸಿ ತುಂಬಿ, ನೀರು ಬೀದಿಗಿಳಿದು ನಡೆದಿತ್ತು. ಎದುರು ಮನೆಯ ನಿವೃತ್ತ ಮೇಷ್ಟರಿಗೆ ಫೋನು ಮಾಡಿದೆವು. “ನೋಡಿ ಹೇಳುತ್ತೇನೆ” ಎಂದು ಇಟ್ಟರು.

ಅವರ ಫೋನು ಮರಳಿ ಬಂದಾಗ ಯಜಮಾನರು ಒನಕೆ ಓಬವ್ವನ ಕಿಂಡಿಯಲ್ಲಿದ್ದರು. ಒಬ್ಬರಾದ ಮೇಲೆ ಒಬ್ಬರು ಮೈ ಹಿಡಿ ಮಾಡಿಕೊಂಡು ನುಸುಳಬೇಕಾದ ಜಾಗ ಅದು. ಇವರು ಒಳಗೊಂದು ಬನಿಯನ್, ಮೇಲೊಂದು ಅಂಗಿ, ಅದರ ಮೇಲೆ ಸ್ವೆಟರ್, ಬೆನ್ನಿಗೆ ರೊಟ್ಟಿಯ ಚೀಲ ಇಷ್ಟನ್ನೂ ಹೊತ್ತು ಒಳಹೊಕ್ಕಿದ್ದರು. ಚೀಲ ಒಂದು ಬಂಡೆಗೆ, ಹೊಟ್ಟೆ ಇನ್ನೊಂದು ಬಂಡೆಗೆ ಒತ್ತಿಕೊಂಡು ನಿಂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಹಾಡುತ್ತಿತ್ತು, ಕೈ ಅಲ್ಲಿಗೆ ತಲುಪುತ್ತಿರಲಿಲ್ಲ. ಹಿಂದೆ ಹಿರಿಯೂರು ಕಡೆಯ ಶಾಲಾ ಮಕ್ಕಳ ಸಾಲು ಬೆಳೆಯುತ್ತಿತ್ತು. ಆಚೆ ಬದಿಯಲ್ಲಿ ಅತ್ತೆ ನೀರಿನ ಬಾಟಲಿಯನ್ನು ಎತ್ತಿ ಹಿಡಿದು, “ಉಸಿರು ಬಿಡು, ಹೊಟ್ಟೆ ಒಳಗೆ ಎಳೆದುಕೋ” ಎಂದು ಕೂಗುತ್ತಿದ್ದರು. ಸಾಲಿನಲ್ಲಿದ್ದ ಹುಡುಗನೊಬ್ಬ, “ಸಾರ್, ಅಜ್ಜಿ ಒನಕೆ ಎತ್ತಿದ್ದಾರೆ!” ಎಂದ. ನಾನು ಹಿಂದಿನಿಂದ ಕೈ ತೂರಿಸಿ ರೊಟ್ಟಿಯ ಚೀಲದ ಪಟ್ಟಿ ಬಿಡಿಸಿದೆ. ಪುಡಿಯಾದ ರೊಟ್ಟಿಯ ಸದ್ದಿನೊಂದಿಗೆ ಯಜಮಾನರು ಆಚೆಗೆ ಬಿದ್ದರು, ಬಿದ್ದಲ್ಲಿಂದಲೇ ಫೋನು ತೆಗೆದರು.

“ನಿಮ್ಮ ಮನೆಯ ಮುಂದೆ ಹೊಳೆ ಹರಿಯುತ್ತಿದೆ” ಎಂದರು ಮೇಷ್ಟರು.

ಬೀಗದ ಕೈ ನಮ್ಮ ಬಳಿ. ಆದರೆ ಮೀಟರ್ ಬೋರ್ಡು ಮಾತ್ರ ಹೊರಗಿನ ಗೋಡೆಯಲ್ಲಿದೆ. ಫ್ಯೂಸ್ ಕಿತ್ತುಬಿಡಿ ಎಂದು ಹೇಳಿದ ಮೇಲೆ ನಮಗೆ ಹಸಿವಾಗತೊಡಗಿತು. ಗೈಡಿಗೆ ನಿಗದಿಗಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟೆವು. ಆ ಹೊಂಡಗಳ ಮಾತೆತ್ತದಿದ್ದರೆ ನಮಗೆ ಮೋಟಾರಿನ ನೆನಪೇ ಆಗುತ್ತಿರಲಿಲ್ಲ.

ಲಾಡ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿನೀರು ಬೆಳಗ್ಗೆ ಆರರಿಂದ ಎಂಟು ಎಂದಿದ್ದರು. ಆರಕ್ಕೆ ತಣ್ಣಗಿತ್ತು, ಎಂಟಕ್ಕೆ ಉಗುರು ಬೆಚ್ಚಗಾಗಿ, ಎಂಟೂ ಐದಕ್ಕೆ ಕುದಿಯುವಂತಾಗಿ ನಿಂತುಹೋಯಿತು. ತಿಂಡಿಗೆ ದೋಸೆ ಕೊಟ್ಟರು. ದಾವಣಗೆರೆಯವರಿಗೆ ಪರವೂರಿನಲ್ಲಿ ದೋಸೆ ಬಡಿಸಬಾರದು. ನಾವು ತಿನ್ನುವುದಿಲ್ಲ, ಪರೀಕ್ಷೆಯ ಪತ್ರಿಕೆ ತಿದ್ದುತ್ತೇವೆ. ಸೌದೆಯ ಒಲೆಯದಲ್ಲ ಎಂದು ಯಜಮಾನರು, ಬೆಣ್ಣೆ ತೋರಿಸಿ ತೆಗೆದಿದ್ದಾರೆ ಎಂದು ಅತ್ತೆ. ನಾನು ಮಾತ್ರ, ಮನೆಯಲ್ಲಿ ಹಿಟ್ಟು ಕಾಯುತ್ತಿದೆ ಎಂದು ಸಮಾಧಾನ ಹೇಳಿದೆ.

ಎರಡನೆಯ ದಿನ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಬಂಡೆಯ ಮೇಲೆ ಪ್ರಾಕೃತದಲ್ಲಿ ಕೆತ್ತಿಸಿದ್ದಾನೆ. “ಇಲ್ಲಿಯೂ ನೀರಿನದೇ ತಲೆಬಿಸಿ” ಎಂದು ಯಜಮಾನರು ನಿಟ್ಟುಸಿರುಬಿಟ್ಟರು. ಅಂಕಲಿ ಮಠದ ಗುಹೆಯೊಳಗೆ ಬ್ಯಾಟರಿ ಆರಿಸಿದಾಗ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಆ ಕತ್ತಲಿನಿಂದ ಅತ್ತೆಯ ದನಿ ಬಂತು: “ನಮ್ಮ ಮನೆಯೂ ಈಗ ಹೀಗೆಯೇ ಇರುತ್ತದೆ.” ಎಲ್ಲರೂ ನಕ್ಕೆವು. ನಗಬಾರದಿತ್ತು.

ಮೂರನೆಯ ದಿನ ಸಂಜೆ ಮನೆ ಮುಟ್ಟಿದಾಗ ಮೇಷ್ಟರು ಗೇಟಿನಲ್ಲೇ ಕಾದಿದ್ದರು. ಕರ್ಚೀಫಿನಲ್ಲಿ ಸುತ್ತಿದ್ದ ಫ್ಯೂಸನ್ನು ಎರಡೂ ಕೈಯಿಂದ ಪ್ರಸಾದದಂತೆ ಕೊಟ್ಟು, ನೆಲ ನೋಡುತ್ತಾ, “ಅದು ನಮ್ಮ ಟ್ಯಾಂಕಿನ ನೀರು. ರಸ್ತೆ ನಿಮ್ಮ ಮನೆಯ ಕಡೆಗೆ ಇಳಿಜಾರಲ್ಲವೇ...” ಎಂದರು.

“ಯಾವಾಗ ಗೊತ್ತಾಯಿತು ಸಾರ್?”

“ಅವತ್ತು ಸಂಜೆಯೇ. ಪ್ರವಾಸದಲ್ಲಿರುವವರಿಗೆ ಯಾಕೆ ತೊಂದರೆ ಎಂದು ಫೋನು ಮಾಡಲಿಲ್ಲ. ಫ್ಯೂಸ್ ಮತ್ತೆ ಹಾಕೋಣ ಎಂದರೆ, ಅಕಸ್ಮಾತ್ ನಿಮ್ಮ ಮೋಟಾರೂ ಹಾಕಿಯೇ ಇದ್ದರೆ?”

ಒಳಗೆ ಹೋಗಿ ನೋಡಿದರೆ ಮೋಟಾರಿನ ಸ್ವಿಚ್ಚು ಆರಿಯೇ ಇತ್ತು. ಯಜಮಾನರು ಫ್ಯೂಸ್ ಹಾಕಿದರು. ಅಡುಗೆಮನೆಯ ದೀಪ ಹತ್ತಿತು, ಫ್ರಿಜ್ಜು ಗುರ್ರೆಂದಿತು. ಎಲ್ಲರಿಗೂ ಹಸಿವಾಗಿತ್ತು. ಕಾವಲಿ ಒಲೆಯ ಮೇಲಿಟ್ಟು ನಾನು ಫ್ರಿಜ್ಜಿನ ಬಾಗಿಲು ತೆರೆದೆ.

ಮಗ ನನ್ನ ಕೈಯ ಸಂದಿಯಿಂದ ತಲೆ ತೂರಿಸಿ ನೋಡಿದವನು ಓಡಿಹೋಗಿ ನೋಟ್‌ಬುಕ್ ತಂದ. “ಅಮ್ಮಾ, ಮೇಲಿನದು ಗೋಪಾಲಸ್ವಾಮಿ ಹೊಂಡ” ಎಂದು ಬೆರಳಿಟ್ಟು ತೋರಿಸಿದ. ಪಾತ್ರೆ ಮುಚ್ಚಳವನ್ನು ಎತ್ತಿಕೊಂಡು ಕೋಡಿ ಬಿದ್ದಿತ್ತು. ಅದರ ಕೆಳಗಿನ ಅರೆಯಲ್ಲಿ ಮೊಸರಿನ ಬಟ್ಟಲು, ಪಲ್ಯದ ಬಟ್ಟಲು ಅಕ್ಕ-ತಂಗಿಯರಂತೆ ಅಕ್ಕಪಕ್ಕ ತುಂಬಿ ತುಳುಕುತ್ತಿದ್ದವು. ಎಲ್ಲಕ್ಕಿಂತ ಕೆಳಗೆ ತರಕಾರಿಯ ಟ್ರೇ. ಸಂತೆ ಹೊಂಡ. ಅದರಲ್ಲಿ ಮೂರು ಬದನೆಕಾಯಿ ತೊಟ್ಟಿನವರೆಗೆ ಮುಳುಗಿ ನಿಂತಿದ್ದವು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಬೆರಳದ್ದಿ ಮೂಸಿ ನೋಡಿದರು. “ಹುಳಿ ಬಂದಿದೆ. ಪಾತ್ರೆಯಲ್ಲಿ ಉಳಿದದ್ದು ಪಡ್ಡಿಗೆ ಆಗುತ್ತದೆ, ಗುಳಿಯ ಕಾವಲಿ ತೆಗೆ” ಎಂದರು.