97 ಸೆಂಟಿಮೀಟರ್ ಸೊಂಟ

ಕೇರಳದ ಬದಿಯಡ್ಕದಲ್ಲಿರುವ ನಮ್ಮ ಮನೆಗೆ ಕಳೆದ ತಿಂಗಳು ಬಂದ ಆಶಾ ಕಾರ್ಯಕರ್ತೆ ನನ್ನನ್ನು ಜಗಲಿಯಲ್ಲೇ ನಿಲ್ಲಿಸಿ ಸೊಂಟಕ್ಕೆ ಟೇಪು ಸುತ್ತಿದರು. ನನಗರಿವಿಲ್ಲದೆಯೇ ಹೊಟ್ಟೆಯನ್ನು ಒಳಗೆಳೆದುಕೊಂಡೆ. “ಉಸಿರು ಬಿಡಿ ಅಣ್ಣ, ಎಲ್ಲರೂ ಹೀಗೇ ಮಾಡುವುದು” ಎಂದರು. 97 ಸೆಂಟಿಮೀಟರ್. ಅವರ ಕೈಯಲ್ಲಿದ್ದ ಫಾರಂ ಪ್ರಕಾರ ಗಂಡಸರಿಗೆ 90 ದಾಟಿದರೆ ಒಂದು ಅಂಕ, 100 ದಾಟಿದರೆ ಎರಡು. ವಯಸ್ಸು, ವ್ಯಾಯಾಮ, ಮನೆಯವರ ಕಾಯಿಲೆಗಳೆಲ್ಲ ಸೇರಿ ಮೊತ್ತ 4 ಮೀರಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವುಗಳ ತಪಾಸಣೆಗೆ ಹೋಗಬೇಕು. ನನ್ನದು 5 ಆಗಿತ್ತು.

ಮರುವಾರ ಸಾಗರದ ಮನೆಗೆ ಹೋದಾಗ ಅಮ್ಮ, “ಎಷ್ಟು ಇಳಿದು ಹೋಗಿದ್ದೀಯೋ” ಎಂದು ಅಂಗಳದಲ್ಲೇ ಮರುಗಿ, ಊಟಕ್ಕೆ ಕೂತಾಗ ಮೂರನೆಯ ಹೋಳಿಗೆ ಹಾಕಿ, ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ತುಪ್ಪ ಬಡಿಸಿದಳು. “ಮೈಕೈ ತುಂಬಿಕೊಂಡಿದ್ದಾನೆ” ಎಂಬುದು ನಮ್ಮಲ್ಲಿ ಇಂದಿಗೂ ಹೊಗಳಿಕೆ. ಆ ಮಾತು ಬಳಕೆಗೆ ಬಂದ ಕಾಲದವರು ಬೆಟ್ಟದಿಂದ ಸೊಪ್ಪು ಹೊರುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ಒರಳಲ್ಲಿ ರುಬ್ಬುತ್ತಿದ್ದರು. ಈಗ ಅಡಿಕೆ ಕೈಹಿಡಿದಿದೆ, ಸೊಪ್ಪಿಗೆ ಆಳುಗಳಿದ್ದಾರೆ, ಅಕ್ಕ ಡೇರಿಗೆ ಹಾಲು ಹಾಕಲೂ ಸ್ಕೂಟಿಯಲ್ಲೇ ಹೋಗುತ್ತಾಳೆ. ಬಡಿಸುವ ಸೌಟು ಮಾತ್ರ ಅಜ್ಜಿಯ ಕಾಲದ್ದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮಿತಿಮೀರಿದ ಮಹಿಳೆಯರು 2015-16ರಲ್ಲಿ ಶೇ. 23.3 ಇದ್ದರು, 2019-21ರ ಹೊತ್ತಿಗೆ ಶೇ. 30.1 ಆದರು. ಇದನ್ನು ಹೇಳಿದರೆ ಊರಿನಲ್ಲಿ, “ಉಣ್ಣುವ ಮನೆಗೆ ದೃಷ್ಟಿ ಹಾಕಬೇಡ” ಎನ್ನುತ್ತಾರೆ.

ಅಲ್ಲಿಗೂ ಆಶಾ ಕಾರ್ಯಕರ್ತೆಯರು ಅದೇ ಫಾರಂ ಹಿಡಿದು ಬರುತ್ತಾರೆ. ಅಕ್ಕ ಅವರಿಗೆ ಚಹಾ ಕೊಟ್ಟು, ಟೇಪು ಬಿಚ್ಚಲು ಬಿಡದೆ ಕಳಿಸಿದಳಂತೆ.

ಇನ್ನೊಂದನ್ನೂ ಮುಚ್ಚಿಡುವಂತಿಲ್ಲ. ಅದೇ ಸಮೀಕ್ಷೆಯಲ್ಲಿ ಕೇರಳದ ಮಹಿಳೆಯರ ಲೆಕ್ಕ ಶೇ. 38.1, ಅಂದರೆ ನನ್ನ ಊರಿಗಿಂತ ನಾನಿರುವ ನಾಡೇ ದಪ್ಪ. ಇಲ್ಲಿ ಮಕ್ಕಳು ಕಡಿಮೆ, ನಡುವಯಸ್ಸು ದಾಟಿದವರು ಹೆಚ್ಚು, ತೂಕ ಏರುವುದೂ ಆ ವಯಸ್ಸಿನಲ್ಲೇ. ಮೇಲೆ ಗಲ್ಫಿನ ಹಣ, ಮನೆಗೊಂದು ಕಾರು, ಸಂಜೆಯಾದರೆ ಪೇಟೆ ತುಂಬ ಅಲ್ಫಾಹಮ್ ಎಂಬ ಕೆಂಡದಲ್ಲಿ ಸುಟ್ಟ ಕೋಳಿಯ ಹೊಗೆ. 2016ರಲ್ಲಿ ಇಲ್ಲಿನ ಸರ್ಕಾರ ಬ್ರಾಂಡಿನ ಹೋಟೆಲುಗಳ ಬರ್ಗರ್, ಪಿಜ್ಜಾಗಳಿಗೆ ಶೇ. 14.5 ತೆರಿಗೆ ಹಾಕಿತು. ನಮ್ಮ ಪೇಟೆಯ ಪರೋಟಕ್ಕೆ ಅದು ತಾಗಲಿಲ್ಲ, ಮರುವರ್ಷ ಜಿಎಸ್‌ಟಿ ಬಂದಾಗ ಆ ತೆರಿಗೆಯೂ ಹೋಯಿತು.

ಹೀಗಿದ್ದೂ ನನ್ನ ಒಲವು ಟೇಪಿನ ಕಡೆಗೇ. ಬದಿಯಡ್ಕದ ಆಶಾ ಕಾರ್ಯಕರ್ತೆ ಮೊನ್ನೆ ಮತ್ತೆ ಫೋನು ಮಾಡಿ, ಶುಕ್ರವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಪಾಸಣೆಗೆ ಬರಬೇಕೆಂದು ಹೇಳಿದ್ದಾರೆ.